ಸ್ಕಾರ್ಲೆಟ್ ಸೋಲೋ, ನಾಲ್ಕು ವರ್ಷದ ಬಳಕೆ: ಗುಂಯ್ ಸದ್ದು ಎಲ್ಲಿಂದ ಬರುತ್ತಿತ್ತು?

ಶಿಡ್ಲಘಟ್ಟದಲ್ಲಿ ನಮ್ಮ ಮನೆಯ ಪಕ್ಕದ ಗೋಡೆಯಾಚೆ ರೇಷ್ಮೆ ನೂಲು ಬಿಚ್ಚುವ ಘಟಕವಿದೆ. ಬೆಳಗ್ಗೆ ಶುರುವಾದ ಮೋಟರ್ ಸಂಜೆವರೆಗೂ ಓಡುತ್ತಿರುತ್ತದೆ. ಇಂಥ ಮನೆಯಲ್ಲಿ ಕೂತು ನಾನು ಕಣ್ಣು ಕಾಣದ ಮಕ್ಕಳಿಗೆ ಪಾಠ ಓದಿ ರೆಕಾರ್ಡ್ ಮಾಡಿ ಕಳಿಸುತ್ತೇನೆ. ಫೋಕಸ್‌ರೈಟ್ ಕಂಪನಿಯ ಸ್ಕಾರ್ಲೆಟ್ ಸೋಲೋ, ಮೂರನೇ ತಲೆಮಾರಿನದು, 2021ರಲ್ಲಿ ತಗೊಂಡೆ. ಮೈಕಿನ ಧ್ವನಿಯನ್ನು ಲ್ಯಾಪ್‌ಟಾಪಿಗೆ ಕಳಿಸುವ ಪುಟ್ಟ ಪೆಟ್ಟಿಗೆ ಇದು. ಮೈಕು ಶೂರ್ ಎಸ್‌ಎಂ58. ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಅನ್ನುವ ರೆಕಾರ್ಡಿಂಗ್ ತಂತ್ರಾಂಶ.

ಮೊದಲ ತಿಂಗಳೇ ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ಫೋನ್ ಮಾಡಿದಳು. "ಅಕ್ಕಾ, ನಿಮ್ಮ ಹಿಂದೆ ಯಾವ್ದೋ ಮೋಟರ್ ಓಡ್ತಿದೆ. ಎರಡು ಗಂಟೆ ಇಯರ್‌ಫೋನ್ ಹಾಕ್ಕೊಂಡ್ರೆ ತಲೆ ನೋಯುತ್ತೆ." ಅವಳಿಗೆ ಆ ಧ್ವನಿಯೇ ಪುಸ್ತಕ. ಬೇರೆ ಪುಸ್ತಕ ಅವಳ ಹತ್ತಿರ ಇಲ್ಲ. ನನಗೆ ತುಂಬಾ ಸಂಕಟವಾಯಿತು.

ಪಕ್ಕದ ಮೋಟರೇ ಅಂತ ನಾನೂ ನಂಬಿದೆ. ಆ ಗೋಡೆಗೆ ಎರಡು ಕಂಬಳಿ ನೇತುಹಾಕಿದೆ. ಸದ್ದು ಹಾಗೇ ಇತ್ತು. ಒಂದು ಭಾನುವಾರ ರಾತ್ರಿ ಘಟಕ ಮುಚ್ಚಿದ ಮೇಲೆ, ಫ್ಯಾನ್ ನಿಲ್ಲಿಸಿ, ಉಸಿರು ಬಿಗಿಹಿಡಿದು ಹತ್ತು ಸೆಕೆಂಡ್ ಬರೀ ಮೌನ ರೆಕಾರ್ಡ್ ಮಾಡಿದೆ. ಅದರಲ್ಲೂ ಗುಂಯ್ ಅನ್ನುತ್ತಿತ್ತು! ಮೋಟರೇ ಓಡದ ಹೊತ್ತಿನಲ್ಲಿ ಮೋಟರ್ ಸದ್ದು. ಆಗ ಅನುಮಾನ ಪೆಟ್ಟಿಗೆಯ ಮೇಲೆ ತಿರುಗಿತು. ವಾಪಸ್ ಕಳಿಸೋಣ ಅಂತ ಡಬ್ಬಿಯನ್ನೂ ಹುಡುಕಿ ಇಟ್ಟುಕೊಂಡೆ.

ಕಳಿಸುವ ಮುಂಚೆ ಆ ಮೌನವನ್ನೇ ಆಡಾಸಿಟಿಯ ಸ್ಪೆಕ್ಟ್ರಮ್‌ನಲ್ಲಿ, ಅಂದರೆ ಯಾವ ಕಂಪನದ ಸದ್ದು ಎಷ್ಟಿದೆ ಅಂತ ತೋರಿಸುವ ಚಿತ್ರದಲ್ಲಿ, ತೆರೆದು ನೋಡಿದೆ. 50, 100, 150 ಹರ್ಟ್ಸ್ ಹತ್ತಿರ ಒಂದೊಂದು ಚೂಪು ಗೋಪುರ ನಿಂತಿತ್ತು. ನಮ್ಮ ಮನೆಗಳಿಗೆ ಬರುವ ಕರೆಂಟು 50 ಹರ್ಟ್ಸ್‌ನದು. ಅಂದರೆ ಇದು ಗಾಳಿಯಲ್ಲಿ ಬಂದ ಸದ್ದಲ್ಲ, ವೈರಿನಲ್ಲಿ ಬಂದದ್ದು. ಕಂಬಳಿ ಹಾಕಿ ಇದನ್ನು ತಡೆಯೋಕೆ ಆಗಲ್ಲ, ಅಲ್ವಾ?

ಹೆಡ್‌ಫೋನ್ ಹಾಕಿಕೊಂಡೇ ಒಂದೊಂದಾಗಿ ಪ್ಲಗ್ ಕಿತ್ತೆ. ಟೇಬಲ್ ಲ್ಯಾಂಪ್ ಕಿತ್ತೆ, ಏನೂ ಬದಲಾಗಲಿಲ್ಲ. ಫೋನಿನ ಚಾರ್ಜರ್ ಕಿತ್ತೆ, ಆಗಲೂ ಇಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತ ಕ್ಷಣ ಗುಂಯ್ ನಿಂತೇ ಹೋಯಿತು. ಮತ್ತೆ ಚುಚ್ಚಿದೆ, ಬಂತು. ಸೋಲೋಗೆ ಬೇರೆ ಅಡಾಪ್ಟರ್ ಇಲ್ಲ, ಯುಎಸ್‌ಬಿ ವೈರಿನಿಂದಲೇ ಕರೆಂಟು ತಗೊಳ್ಳುತ್ತದೆ. ಲ್ಯಾಪ್‌ಟಾಪಿನಲ್ಲಿರುವ ಕೊಳೆ ಅದೇ ದಾರಿಯಲ್ಲಿ ಇದಕ್ಕೂ ಬರುತ್ತದೆ.

ಆದರೆ ನನ್ನ ಚಾರ್ಜರ್ ಮೂರು ಪಿನ್ನಿನದು, ಇಂಥ ಕೊಳೆಯನ್ನು ನೆಲಕ್ಕೆ ಇಳಿಸುವ ಅರ್ತಿಂಗ್ ಇರಲೇಬೇಕು. ಚಾರ್ಜ್ ಹಾಕಿದಾಗ ಲ್ಯಾಪ್‌ಟಾಪಿನ ಲೋಹದ ಅಂಚಿಗೆ ಮುಂಗೈ ತಗುಲಿದರೆ ಜುಂ ಅನ್ನುತ್ತಿದ್ದದ್ದು ಆಗ ನೆನಪಾಯಿತು. ಎಲ್ಲಾ ಲ್ಯಾಪ್‌ಟಾಪೂ ಹೀಗೇ ಅಂದುಕೊಂಡು ಸುಮ್ನಿದ್ದೆ. ನಮ್ಮ ಬೀದಿಯಲ್ಲಿ ವೈರಿಂಗ್ ಕೆಲಸ ಮಾಡುವ ಅಣ್ಣನನ್ನು ಕರೆದೆ. ಅವರು ಮೊದಲು ಎಕ್ಸ್‌ಟೆನ್ಶನ್ ಬಾಕ್ಸ್ ಕಿತ್ತು, ತಿರುಗಿಸಿ, ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿದರು. ಒಳಗೆ ಒಂದು ಕೆಂಪು ವೈರು, ಒಂದು ಕಪ್ಪು ವೈರು. ಅಷ್ಟೇ. ಮೂರನೇ ತೂತಿನ ಹಿಂದಿದ್ದ ಹಿತ್ತಾಳೆ ತುಂಡಿಗೆ ಏನೂ ಸೇರಿಸಿರಲಿಲ್ಲ, ಹೊಸದರಂತೆ ಹೊಳೆಯುತ್ತಿತ್ತು. "ನೋಡಮ್ಮಾ, ತೂತು ಐತೆ, ಅರ್ತಿಂಗೇ ಇಲ್ಲ" ಅಂದರು. ಹಸಿರು ವೈರ್ ಇರುವ ಮೂರು ಎಳೆಯ ಕೇಬಲ್ ಹಾಕಿಕೊಟ್ಟರು. ಗುಂಯ್ ಮುಕ್ಕಾಲು ಪಾಲು ಹೋಯಿತು, ಮುಂಗೈಗೆ ಜುಂ ಅನ್ನೋದೂ ನಿಂತಿತು. ಸದ್ದು ಹೋಗಲಿ ಅಂತ ಕೆಲವರು ಚಾರ್ಜರಿನ ಅರ್ತ್ ಪಿನ್ನನ್ನೇ ಮುರಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಇರುವುದು ಜೀವ ಕಾಯೋಕೆ.

ಪೆಟ್ಟಿಗೆಯ ಬಗ್ಗೆ ಹೇಳಬೇಕಾದ್ದು ಕಡಿಮೆ, ಯಾಕೆಂದರೆ ಅದು ತೊಂದರೆ ಕೊಟ್ಟೇ ಇಲ್ಲ. ಮೈಕಿನ ಧ್ವನಿ ಏರಿಸುವ ಗೇನ್ ಗುಂಡಿಯ ಸುತ್ತ ಬೆಳಕಿನ ಉಂಗುರವಿದೆ. ಧ್ವನಿ ಸರಿಯಿದ್ದರೆ ಹಸಿರು, ಜಾಸ್ತಿಯಾಗಿ ಒಡೆದರೆ ಕೆಂಪು. ಪಾಠ ಓದುತ್ತಾ ಪರದೆ ನೋಡೋಕೆ ಆಗದವರಿಗೆ ಇದು ದೊಡ್ಡ ಉಪಕಾರ. ಡೈರೆಕ್ಟ್ ಮಾನಿಟರ್ ಸ್ವಿಚ್ ಹಾಕಿದರೆ ನಮ್ಮ ಧ್ವನಿ ತಡವಿಲ್ಲದೆ ಹೆಡ್‌ಫೋನಿಗೆ ಬರುತ್ತದೆ. ಕೆಲವು ಮೈಕುಗಳಿಗೆ ಕರೆಂಟು ಕೊಡುವ 48 ವೋಲ್ಟ್ ಗುಂಡಿಯನ್ನು ನಾನು ಮುಟ್ಟುವುದೇ ಇಲ್ಲ, ಎಸ್‌ಎಂ58ಗೆ ಅದು ಬೇಕಿಲ್ಲ. ಮೈಕಿನ ಇನ್‌ಪುಟ್ ಒಂದೇ, ಇಬ್ಬರು ಓದುವವರಿದ್ದರೆ ದೊಡ್ಡದನ್ನೇ ತಗೊಳ್ಳಿ.

ಸುಯ್ ಅನ್ನುವ ಇನ್ನೊಂದು ಸದ್ದಿತ್ತು. ಅದಕ್ಕೆ ಕಾರಣ ನಾನೇ. ಮೈಕನ್ನು ಒಂದು ಅಡಿ ದೂರ ಇಟ್ಟು ಗೇನ್ ಕೊನೆಯವರೆಗೂ ತಿರುಗಿಸುತ್ತಿದ್ದೆ. ಬಾಯಿಂದ ನಾಲ್ಕು ಬೆರಳು ದೂರಕ್ಕೆ ತಂದೆ. ದೂರ ಅರ್ಧವಾದರೆ ಧ್ವನಿ ಸುಮಾರು 6 ಡೆಸಿಬೆಲ್ ಜಾಸ್ತಿಯಾಗುತ್ತದೆ. ಗೇನ್ ಇಳಿಸಿದೆ, ಸುಯ್ ಕೇಳದಷ್ಟಾಯಿತು.

ನಿಜವಾದ ಮೋಟರ್ ಸದ್ದಿನ ಕಥೆ ಆಮೇಲೆ. ಅದು ಬರುತ್ತಿದ್ದದ್ದು ಜಾಸ್ತಿ ನೆಲದಿಂದ, ಮೇಜಿನ ಕಾಲು ಹಿಡಿದು. ಸ್ಟ್ಯಾಂಡಿನ ಕೆಳಗೆ ರಗ್ಗು ಮಡಿಸಿ ಹಾಕಿದೆ. ಎಸ್‌ಎಂ58 ತನ್ನ ಬೆನ್ನಿನ ಕಡೆಯ ಸದ್ದನ್ನು ಕಡಿಮೆ ಹಿಡಿಯುತ್ತದೆ, ಹಾಗಾಗಿ ಅದರ ಬೆನ್ನನ್ನು ಘಟಕದ ಗೋಡೆಗೆ ತಿರುಗಿಸಿದೆ. ನನ್ನ ಬೆನ್ನ ಹಿಂದೆ, ನಮ್ಮಜ್ಜಿ ಹುಳು ಸಾಕುತ್ತಿದ್ದ ಕಾಲದ ಬಿದಿರಿನ ಚಂದ್ರಂಕಿಗೆ (ರೇಷ್ಮೆ ಹುಳು ಗೂಡು ಕಟ್ಟುವ ತಟ್ಟೆಗೆ) ಕಂಬಳಿ ಕಟ್ಟಿ ನಿಲ್ಲಿಸಿದ್ದೇನೆ. ಉಳಿದದ್ದಕ್ಕೆ ಆಡಾಸಿಟಿಯಲ್ಲಿ 80 ಹರ್ಟ್ಸ್ ಕೆಳಗಿನದ್ದು ಕತ್ತರಿಸುತ್ತೇನೆ, ಹಿನ್ನೆಲೆ ಸದ್ದು ತಗ್ಗಿಸುವ ನಾಯ್ಸ್ ರಿಡಕ್ಷನ್ 6 ಡೆಸಿಬೆಲ್ ಮಾತ್ರ ಹಾಕುತ್ತೇನೆ. ತುಂಬಾ ಜಾಸ್ತಿ ಹಾಕಿದರೆ ನೀರಿನೊಳಗಿಂದ ಮಾತಾಡಿದ ಹಾಗಾಗುತ್ತದೆ. ಮಕ್ಕಳಿಗೆ ಒತ್ತಕ್ಷರ ಸರಿಯಾಗಿ ಕೇಳಿಸದೆ ಹೋಗುತ್ತದೆ.

ಈ ಏಪ್ರಿಲ್‌ನಲ್ಲಿ ಗುಂಯ್ ಮತ್ತೆ ಸಣ್ಣಗೆ ಬಂತು. ಎಕ್ಸ್‌ಟೆನ್ಶನ್ ಬಾಕ್ಸ್ ಸರಿಯಿತ್ತು. ಹಿತ್ತಲಿಗೆ ಹೋಗಿ ನೋಡಿದರೆ, ಮನೆಯ ಅರ್ತ್ ವೈರು ನೆಲಕ್ಕೆ ಸೇರುವ ಅರ್ತಿಂಗ್ ಗುಂಡಿಯ ಮಣ್ಣು ಬಾಯ್ಬಿಟ್ಟಿತ್ತು. ನಮ್ಮ ಕಡೆ ಬೇಸಿಗೆ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಒಣಗಿದ ಮಣ್ಣಿನಲ್ಲಿ ಅರ್ತ್ ಸರಿಯಾಗಿ ಹಿಡಿಯುವುದಿಲ್ಲ. ಎರಡು ಬಿಂದಿಗೆ ನೀರು ಹುಯ್ದು ಬಂದೆ, ಸಂಜೆ ಹೊತ್ತಿಗೆ ಸದ್ದು ಇಳಿಯಿತು. ಈಗ ಮಳೆ ಬರುವವರೆಗೂ ಪ್ರತಿ ಭಾನುವಾರ, ಪಾಠ ಓದಲು ಕೂರುವ ಮುಂಚೆ, ಆ ಗುಂಡಿಗೆ ನೀರು ಹಾಕುತ್ತೇನೆ.