ಹಳೇ ಡ್ರೈಯರ್ ತಗೊಳ್ಳೋರು ಒಳಗಡೆ ಬಿಚ್ಚಿ ನೋಡದೆ ದುಡ್ಡು ಕೊಡಬೇಡಿ

ಅಮೆರಿಕದಲ್ಲಿರೋ ನಮ್ಮೋರಲ್ಲಿ ಹಳೇ ರೇಡಿಯೊ, ಹೊಲಿಗೆ ಮಷಿನ್ನು, ಫ್ರಿಜ್ಜು ಅಂತ ಜೋಡಿಸಿಡೋ ಆಸೆ ಇರೋರು ಇದೀರಿ, ಅದರಲ್ಲಿ ಬಟ್ಟೆ ಒಣಗಿಸೋ ಡ್ರೈಯರ್ ಮೇಲೆ ಕಣ್ಣಿಟ್ಟಿರೋರು ಒಬ್ಬರಾದ್ರೂ ಇದ್ರೆ ದಯವಿಟ್ಟು ಇದನ್ನ ಪೂರ್ತಿ ಓದಿ. "ರಿಸ್ಟೋರ್ ಆಗಿದೆ, ಟೆಸ್ಟ್ ಆಗಿದೆ, ಎಲ್ಲಾ ಒರಿಜಿನಲ್ಲು" ಅಂತ ಹೇಳಿ ಒಬ್ಬ ನಂಗೆ 650 ಡಾಲರ್‌ಗೆ ಮಾರಿದ 1960ರ ದಶಕದ ಮೇಟ್ಯಾಗ್ ಡ್ರೈಯರ್ ನಮ್ಮ ಗ್ಯಾರೇಜಿಗೆ ಬೆಂಕಿ ಹಚ್ಚೋದೊಂದು ಬಾಕಿ ಇತ್ತು.

ತಪ್ಪು ಮಷಿನ್ ಮಾಡಿದ ಕಂಪನೀದಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಹೇಲೋ ಆಫ್ ಹೀಟ್ ಅಂತ ಹೆಸರಿಟ್ಟು ಅಯೋವಾದ ನ್ಯೂಟನ್ ಊರಿನ ಮೇಟ್ಯಾಗ್‌ನೋರು ಮಾರ್ತಿದ್ದ ಆ ಸಾಲಿನ ಡ್ರೈಯರ್‌ಗಳು ಇವತ್ತಿಗೂ ಎಷ್ಟೋ ಮನೇಲಿ ಓಡ್ತಿವೆ. ಒಂದೇ ಕಡೆ ಸುಡದಂಗೆ, ಕಡಿಮೆ ಶಾಖದಲ್ಲಿ, ಸಮನಾಗಿ ಒಣಗಿಸೋದು ಅದರ ಹೆಗ್ಗಳಿಕೆ. ಎಲೆಕ್ಟ್ರಾನಿಕ್ ಕಂಟ್ರೋಲ್ ಇರೋ ಮಾಡೆಲ್ಲಂತೂ ಇನ್ನೂ ಚೆಂದ: ಒದ್ದೆ ಬಟ್ಟೇಲಿ ಕರೆಂಟ್ ಹರಿಯುತ್ತೆ, ಒಣಗಿದ ಬಟ್ಟೇಲಿ ಹರಿಯಲ್ಲ, ಅಷ್ಟನ್ನೇ ನೋಡ್ಕೊಂಡು ಬಟ್ಟೆ ಒಣಗಿದೆ ಅಂತ ಮಷಿನ್ನೇ ನಿಲ್ಲುತ್ತೆ. ಯಾವ ಚಿಪ್ಪೂ ಪ್ರೋಗ್ರಾಮೂ ಇಲ್ಲದ ಕಾಲದಲ್ಲಿ! ನಾನು ತೀರ್ಥಹಳ್ಳಿ ಕಡೆಯವನು, ಮಳೆಗಾಲ ಪೂರ್ತಿ ಬಚ್ಚಲ ಒಲೆ ಮೇಲೆ ಗಳು ಕಟ್ಟಿ ಅಮ್ಮ ಬಟ್ಟೆ ಹರವೋರು, ಸ್ಕೂಲ್ ಯೂನಿಫಾರ್ಮು ಹೊಗೆ ವಾಸನೆ ಹೊಡೀತಿತ್ತು, ಹಾಗಾಗಿ ಬಟ್ಟೆ ಒಣಗಿಸೋದಕ್ಕೇ ಅಂತ ಇಷ್ಟು ತಲೆ ಓಡಿಸಿರೋ ಮಷಿನ್ ನೋಡಿದ್ರೆ ನಂಗೆ ನಿಜವಾಗ್ಲೂ ಗೌರವ ಬರುತ್ತೆ. ನಾರ್ತ್ ಡಕೋಟದ ರಾಸ್ ಮೂರ್ ಅನ್ನೋರ ಐಡಿಯಾ ಹಿಡ್ಕೊಂಡು ವಿಸ್ಕಾನ್ಸಿನ್‌ನ ಟೂ ರಿವರ್ಸ್ ಊರಲ್ಲಿ ಹ್ಯಾಮಿಲ್ಟನ್ ಕಂಪನಿ 1938ರಲ್ಲಿ ಜೂನ್ ಡೇ ಅನ್ನೋ ಡ್ರೈಯರ್ ಮಾರಾಟಕ್ಕಿಟ್ಟಿತಲ್ಲ, ಹೊರಗೆ ಹಿಮ ಬೀಳ್ತಿದ್ರೂ ಒಳಗೆ ಜೂನ್ ತಿಂಗಳ ಬಿಸಿಲು ಅಂತ. ಎಂಥ ಹೆಸರು ನೋಡಿ.

ಸರಿ, ವಿಷಯಕ್ಕೆ ಬರ್ತೀನಿ. ಮಾರಿದೋನು ಪಕ್ಕದ ಸ್ಟೇಟಿನೋನು, ವಿಡಿಯೊ ಕಳಿಸಿದ್ದ. ಡ್ರಮ್ ತಿರುಗ್ತಿದೆ, ಸದ್ದಿಲ್ಲ, ಹಿಂದ್ಗಡೆ ಪೈಪ್ ಹತ್ರ ಕೈ ಇಟ್ಟು "ಬಿಸಿ ನೋಡಿ ಹೆಂಗ್ ಬರ್ತಿದೆ" ಅಂತಾನೆ. ಡ್ರಮ್ ಖಾಲಿ. ಒಂದೆರಡು ನಿಮಿಷದ ವಿಡಿಯೊ. ಇದನ್ನ ನೆನಪಿಟ್ಕೊಳ್ಳಿ, ಯಾಕೇಂತ ಮುಂದೆ ಹೇಳ್ತೀನಿ. ಅವನ ಮನೇಲೇ ಓಡಿಸಿ ನೋಡೋಣ ಅಂದ್ರೆ ಶೆಡ್ಡಲ್ಲಿ 240 ವೋಲ್ಟ್ ಪಾಯಿಂಟ್ ಇಲ್ಲ ಅಂದ, ದುಡ್ಡು ಎಣಿಸಿಕೊಂಡು ಟ್ರಕ್ಕಿಗೆ ಏರಿಸಿ ಆದ್ಮೇಲೆ ಒಂದು ಚೀಟಿ ಕೈಗಿಟ್ಟ, ಅದರಲ್ಲಿ ಇದ್ದಂಗೇ ಮಾರಿದ್ದು, ವಾಪಸ್ ತಗೊಳ್ಳಲ್ಲ ಅಂತ ಬರ್ದಿತ್ತು.

ನಮ್ಮನೇಲಿ ಗ್ಯಾರೇಜಲ್ಲಿ ಎರಡು ಒದ್ದೆ ಟವೆಲ್ ಹಾಕಿ ಆನ್ ಮಾಡಿ ಪಕ್ಕದಲ್ಲೇ ನಿಂತಿದ್ದೆ. ಮೊದಲು ಹಳೇ ಧೂಳು ಕಾದ ವಾಸನೆ, ಅದು ಎಲ್ಲಾ ಹಳೇ ಹೀಟರ್‌ಗೂ ಬರುತ್ತೆ, ಆಮೇಲೆ ಹತ್ತಿ ಸುಟ್ಟ ವಾಸನೆ, ಮೇಲಿನ ತಗಡು ಕೈ ಇಡಕ್ಕಾಗದಷ್ಟು ಬಿಸಿ, ಆದ್ರೆ ಪೈಪಿಂದ ಗಾಳಿ ಮಾತ್ರ ಸಣ್ಣಗೆ ಬರ್ತಿದೆ. ಬ್ರೇಕರ್ ಇಳಿಸಿದೆ. ತಣ್ಣಗಾದ್ಮೇಲೆ ಪ್ಲಗ್ ಕಿತ್ತು ಬಿಚ್ಚಿ ನೋಡಿದ್ರೆ ಗಾಳಿ ಹೋಗೋ ದಾರಿ ತುಂಬ ಲಿಂಟು, ಅಂದ್ರೆ ಬಟ್ಟೆಯಿಂದ ಉದುರೋ ನಾರಿನ ಧೂಳು, ಹೀಟರ್ ಕಡೆ ಇದ್ದಿದ್ದು ಕಂದುಬಣ್ಣಕ್ಕೆ ತಿರುಗಿ ಮುಟ್ಟಿದ್ರೆ ಪುಡಿ ಆಗ್ತಿತ್ತು. ಹಳೇ ಬಟ್ಟೆ ಸುತ್ತಿದ ವೈರ್‌ಗಳ ಹಿಂದೆ ಬೆರಳುದ್ದದ ಹೊಸಾ ಕೆಂಪು ವೈರು, ಎರಡೂ ತುದೀಲಿ ನೀಲಿ ಕ್ರಿಂಪು. ಮಿತಿಮೀರಿ ಬಿಸಿಯಾದ್ರೆ ಹೀಟರ್ ಕಟ್ ಮಾಡೋ ಹೈ ಲಿಮಿಟ್ ಥರ್ಮೋಸ್ಟಾಟ್‌ನ ಈ ಕಡೆ ಕಾಲಿಂದ ಆ ಕಡೆ ಕಾಲಿಗೆ ನೇರವಾಗಿ ಜಂಪರ್ ಹಾಕಿ ಅದನ್ನ ಕೆಲಸಕ್ಕೆ ಬಾರದಂಗೆ ಮಾಡಿದ್ದ!

ಇದು ಎಷ್ಟು ಅಪಾಯ ಅಂತ ಗೊತ್ತಿಲ್ಲದೋರಿಗೆ ಹೇಳ್ತೀನಿ. ಡ್ರೈಯರಲ್ಲಿ ಸಾಮಾನ್ಯವಾಗಿ ಎರಡು ಥರ್ಮೋಸ್ಟಾಟ್ ಇರ್ತಾವೆ. ಒಂದು ಹೊರಗೆ ಹೋಗೋ ಗಾಳಿ ಎಷ್ಟು ಬಿಸಿ ಇದೆ ನೋಡಿ ಹೀಟರನ್ನ ಆನ್ ಆಫ್ ಮಾಡುತ್ತೆ. ಲಿಂಟ್ ಕಟ್ಕೊಂಡು ಗಾಳಿ ನಿಂತ್ರೆ ಆ ಬಿಸಿ ಅದಕ್ಕೆ ತಲುಪೋದೇ ಇಲ್ಲ, ಇನ್ನೂ ತಣ್ಣಗಿದೆ ಅಂದ್ಕೊಂಡು ಹೀಟರನ್ನ ಉರೀತಾನೇ ಬಿಡುತ್ತೆ. ಆಗ ಕಾಯೋಕೆ ಅಂತಲೇ ಹೀಟರ್ ಪಕ್ಕದಲ್ಲಿ ಇನ್ನೊಂದು ಇರೋದು, ಅದೇ ಹೈ ಲಿಮಿಟ್. ಇವನ ಮಷಿನಲ್ಲಿ ಅದು ಲಿಂಟ್ ದೆಸೆಯಿಂದ ಪದೇ ಪದೇ ಕಟ್ ಆಗಿ ಕೊನೆಗೆ ಸತ್ತಿರಬೇಕು, ಲಿಂಟ್ ತೆಗೆಯೋದು ಬಿಟ್ಟು ಅದನ್ನೇ ಬೈಪಾಸ್ ಮಾಡಿದಾನೆ. ಈಗಿನ ಡ್ರೈಯರಲ್ಲಿರೋ ಒಂದ್ಸಲ ಸುಟ್ಟೋಗೋ ಥರ್ಮಲ್ ಫ್ಯೂಸು ಆ ಕಾಲದ್ದರಲ್ಲಿ ಹುಡುಕಿದ್ರೂ ಸಿಗಲ್ಲ, ಇರೋ ಒಂದು ಕಾವಲನ್ನೂ ತೆಗೆದಂಗಾಯ್ತು. ಖಾಲಿ ಡ್ರಮ್ಮಲ್ಲಿ ಎರಡು ನಿಮಿಷ ಓಡಿಸೋ ವಿಡಿಯೊದಲ್ಲಿ ಇದ್ಯಾವ್ದೂ ಕಾಣಲ್ಲ, ಬಿಸಿ ಚೆನ್ನಾಗೇ ಬರುತ್ತೆ. ಮೀಟರ್ ಇಟ್ಟು ನೋಡಿದ್ರೂ ಗೊತ್ತಾಗಲ್ಲ, ಸರಿಯಾಗಿರೋ ಥರ್ಮೋಸ್ಟಾಟೂ ತಣ್ಣಗಿದ್ದಾಗ ಸೊನ್ನೆ ಓಮ್ ತೋರ್ಸುತ್ತೆ, ಜಂಪರೂ ಸೊನ್ನೆ ತೋರ್ಸುತ್ತೆ. ಕಣ್ಣಲ್ಲೇ ನೋಡಬೇಕು. ಅಮೆರಿಕದ ಅಗ್ನಿಶಾಮಕ ಆಡಳಿತದೋರ ಅಂದಾಜಲ್ಲಿ 2008ರಿಂದ 2010ರವರೆಗೆ ಇಲ್ಲಿ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿ ಆಗ್ತಿದ್ವು, ಮುಖ್ಯ ಕಾರಣ ಕ್ಲೀನ್ ಮಾಡದೇ ಇರೋದು, ಅದೂ ಕಾವಲು ಸರಿ ಇರೋ ಮಷಿನ್‌ಗಳೂ ಸೇರಿ.

ಅಷ್ಟಕ್ಕೇ ಮುಗೀಲಿಲ್ಲ. ಹಳೇ ಡ್ರೈಯರ್‌ಗೆ ಮೂರು ಕಡ್ಡಿ ಪ್ಲಗ್ ಇರೋದು, ಮಷಿನ್‌ನ ತಗಡಿನ ಬಾಡೀನ ನ್ಯೂಟ್ರಲ್‌ಗೇ, ಅಂದ್ರೆ ಕರೆಂಟ್ ವಾಪಸ್ ಹೋಗೋ ವೈರ್‌ಗೇ, ಒಂದು ಪಟ್ಟಿಯಿಂದ ಸೇರಿಸಿರ್ತಾರೆ. ಇಲ್ಲಿನ ವಿದ್ಯುತ್ ವೈರಿಂಗ್ ನಿಯಮಗಳ 1996ರ ಕೋಡ್ ಬಂದ್ಮೇಲೆ ಹೊಸಾ ವೈರಿಂಗಲ್ಲಿ ನಾಲ್ಕು ಕಡ್ಡೀನೇ ಆಗಬೇಕು, ಆಗ ಆ ಪಟ್ಟಿ ತೆಗೆದು ಗ್ರೌಂಡಿನ ಹಸಿರು ವೈರನ್ನ ಬಾಡಿಗೆ ಹಾಕಬೇಕು. ಇವನು ನಾಲ್ಕು ಕಡ್ಡಿ ಕಾರ್ಡೇನೋ ಹಾಕಿದಾನೆ, ಆದ್ರೆ ಪಟ್ಟಿ ಹಾಗೇ ಇದೆ, ಹಸಿರು ವೈರನ್ನ ಕತ್ತರಿಸಿ ಟೇಪ್ ಸುತ್ತಿ ಒಳಗೆ ತುರುಕಿದಾನೆ. ನ್ಯೂಟ್ರಲ್ ಎಲ್ಲಾದ್ರೂ ಬಿಟ್ಕೊಂಡಿದ್ರೆ ಇಡೀ ತಗಡಿಗೆ ಕರೆಂಟು. ನಮ್ಮನೆಯವಳು ಸಿಮೆಂಟ್ ನೆಲದ ಮೇಲೆ ಬರಿಗಾಲಲ್ಲಿ ಓಡಾಡ್ತಾಳೆ, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಮೈ ಜುಂ ಅನ್ನುತ್ತೆ.

ಒರಿಜಿನಲ್ ಪೋರ್ಸಲೇನ್ ಅಂದಿದ್ದ ಮೇಲ್ಭಾಗ ಉಗುರಲ್ಲಿ ಕೆರೆದ್ರೆ ಸುರುಳಿ ಸುರುಳಿಯಾಗಿ ಬಂತು, ಸ್ಪ್ರೇ ಪೇಂಟು, ಅಡೀಲಿ ಕಾರಿಗೆ ಮೆತ್ತೋ ಪುಟ್ಟಿ, ಅದರ ಅಡೀಲಿ ತುಕ್ಕು. ನಿಜವಾದ ಪೋರ್ಸಲೇನ್ ಗಾಜಿನ ಜಾತಿ, ಉಗುರು ತಾಗೋದೇ ಇಲ್ಲ. ಇದೊಂದು ಪರೀಕ್ಷೆ ಮಾರೋರ ಎದುರಲ್ಲೇ ಮಾಡಬಹುದು, ಬೇಡ ಅಂದ್ರೆ ಎದ್ದು ಬನ್ನಿ.

ಫೋನ್ ಮಾಡಿದ್ರೆ "ಹಳೇ ಮಷಿನ್ ಅಂದ್ಮೇಲೆ ಹಂಗೇ" ಅಂದ, ಚೀಟಿ ನೆನಪು ಮಾಡಿದ, ಆಮೇಲೆ ಫೋನ್ ಎತ್ತೋದೇ ಬಿಟ್ಟ. ಇದೇ ನಂಗೆ ಜಾಸ್ತಿ ಸಿಟ್ಟು ತರ್ಸಿದ್ದು. ಹಳೇ ಮಷಿನ್ ಹಂಗಲ್ಲ, ಮಾಡಿದೋರು ಕಾವಲು ಇಟ್ಟೇ ಕಳಿಸಿದ್ರು, ಕಿತ್ತಿದ್ದು ಇವನು. 2006ರಲ್ಲಿ ವರ್ಲ್‌ಪೂಲ್ ಮೇಟ್ಯಾಗನ್ನ ಕೊಂಡ್ಕೊಂಡು ಮಾರನೇ ವರ್ಷ ನ್ಯೂಟನ್ ಫ್ಯಾಕ್ಟರಿ ಮುಚ್ಚಿದ್ಮೇಲೆ ಇಂಥ ಹಳೇ ಮಾಡೆಲ್‌ಗಳ ಎಷ್ಟೋ ಪಾರ್ಟು ನಮ್ಮಂಥೋರು ಒಬ್ಬರಿಗೊಬ್ಬರು ಕೊಟ್ಕೊಂಡೇ ನಡೀಬೇಕು, ಅಲ್ಲೇ ಮೋಸ ಶುರುವಾದ್ರೆ ಯಾರನ್ನ ನಂಬೋದು.

ಇನ್ನೊಂದು ಮಾತು, ಬಿಚ್ಚಿದಾಗ ಹೀಟರ್ ಸುತ್ತ ಬೂದುಬಣ್ಣದ ನಾರುನಾರಾದ ರಟ್ಟು, ವೈರ್ ಹೊದಿಕೆ ಕಂಡ್ರೆ ಅದು ಆಸ್ಬೆಸ್ಟಾಸ್ ಇರಬಹುದು, ಧೂಳು ಉಸಿರಿಗೆ ಹೋದ್ರೆ ಅಪಾಯ, ಕಂಪ್ರೆಸರ್ ಗಾಳಿ ಹೊಡೀಬೇಡಿ, ಪೊರಕೇಲಿ ಗುಡಿಸಬೇಡಿ. 1950ರ ದಶಕದ ಕೆಲವು ಮಾಡೆಲ್ಲಲ್ಲಿ ಓಝೋನ್ ದೀಪ ಅಂತ ಪುಟ್ಟ ನೇರಳಾತೀತ ಬಲ್ಬ್ ಇರುತ್ತೆ, ಮುಚ್ಚಳ ಇಲ್ದೆ ಉರೀತಿದ್ರೆ ದಿಟ್ಟಿಸಿ ನೋಡಬೇಡಿ.

ನಮ್ಮ ಡ್ರೈಯರ್‌ಗೆ ಈಗ ಹೊಸಾ ಥರ್ಮೋಸ್ಟಾಟ್ ಹಾಕಿ, ಲಿಂಟೆಲ್ಲ ತೆಗೆದು, ನಾಲ್ಕು ಇಂಚಿನ ಗಟ್ಟಿ ಲೋಹದ ಪೈಪು ಹಾಕಿಸಿ, ಗ್ರೌಂಡನ್ನ ಎಲೆಕ್ಟ್ರಿಷಿಯನ್ ಕೈಲಿ ಸರಿ ಮಾಡಿಸಿದೀನಿ, ಚೆನ್ನಾಗೇ ಓಡ್ತಿದೆ, ಆದ್ರೆ ಯಾರೂ ಪಕ್ಕದಲ್ಲಿಲ್ಲದಾಗ ಹಾಕಲ್ಲ. ಆ ಮಾರಿದೋನು ಮೊನ್ನೆ ಇನ್ನೊಂದನ್ನ ಮಾರಾಟಕ್ಕಿಟ್ಟಿದಾನೆ, ಅದೇ ಶೆಡ್ಡು, ಅದೇ ಥರ ಖಾಲಿ ಡ್ರಮ್ಮಿನ ವಿಡಿಯೊ. ಒಹಾಯೊ, ಇಂಡಿಯಾನ ಕಡೆ ನೀವು ಯಾರಾದ್ರೂ ಹಳೇ ಡ್ರೈಯರ್ ನೋಡೋಕೆ ಹೊರಟಿದ್ರೆ ಮೊದಲು ನಂಗೊಂದು ಮಾತು ಹೇಳಿ, ಟಾರ್ಚು ಸ್ಕ್ರೂಡ್ರೈವರ್ ಹಿಡ್ಕೊಂಡು ನಾನೂ ಜೊತೆಗೆ ಬರ್ತೀನಿ.