ಹಗ್ಗ ಎಳೆದು ಸುಸ್ತಾದವನ ಮಾತು: ಐದು ಮಳೆಗಾಲ ಕಂಡ ಕಳೆ ಮಷೀನು

ಸಾಗರದ ಹತ್ತಿರ ನಮ್ಮದು ಎರಡು ಎಕರೆ ಅಡಿಕೆ ತೋಟ. ಜೂನ್‌ನಲ್ಲಿ ಮಳೆ ಹಿಡಿದರೆ ನೋಡನೋಡುತ್ತ ಹುಲ್ಲು ಮೊಣಕಾಲಿಗೆ ಬರುತ್ತದೆ. ಆಳು ಸಿಗುವುದಿಲ್ಲ. ಸಿಕ್ಕವರನ್ನು ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸಲು ಕರೆಯಬೇಕು, ಹುಲ್ಲಿಗೆ ಕರೆಯುವುದಕ್ಕಾಗುತ್ತದಾ? ಹಾಗಾಗಿ 2021ರಲ್ಲಿ ಪೆಟ್ರೋಲ್ ವೀಡ್ ಕಟ್ಟರ್ ತಂದೆ. ಟೂ ಸ್ಟ್ರೋಕ್ (ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಎಂಜಿನ್), ಹೆಗಲಿಗೆ ಹಾಕಿಕೊಳ್ಳುವಂಥದ್ದು, 11,500 ರೂಪಾಯಿ. ಸಿಸಿ, ತೂಕ ಎಲ್ಲ ಡಬ್ಬದ ಮೇಲೆ ಬರೆದಿರುತ್ತದೆ. ಬರೆಯದೇ ಇರುವುದು ಒಂದೇ. ಎಳೆದು ಎಂಜಿನ್ ಹತ್ತಿಸುವ ಆ ಸ್ಟಾರ್ಟರ್ ಹಗ್ಗದ ಕಥೆ.

ಮೊದಲ ವರ್ಷ ಎರಡನೇ ಎಳೆತಕ್ಕೆ ಸ್ಟಾರ್ಟ್. ಊರಿಗೆಲ್ಲ ಹೊಗಳಿಕೊಂಡು ಬಂದೆ. ಅಕ್ಟೋಬರ್‌ನಲ್ಲಿ ಕೆಲಸ ಮುಗಿಸಿ, ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಇದ್ದ ಹಾಗೇ ಕೊಟ್ಟಿಗೆಯ ಮೂಲೆಗೆ ಒರಗಿಸಿಟ್ಟೆ. ಮುಂದಿನ ಜೂನ್‌ನಲ್ಲಿ ತೆಗೆದರೆ ಜಪ್ಪಯ್ಯ ಅನ್ನಲಿಲ್ಲ. ಚೋಕ್ ಹಾಕಿ ಎಳೆದೆ, ತೆಗೆದು ಎಳೆದೆ, ಪ್ಲಗ್ ಬಿಚ್ಚಿ ಉಜ್ಜಿ ಎಳೆದೆ. ನಲವತ್ತರವರೆಗೆ ಎಣಿಸಿದೆ, ಆಮೇಲೆ ಬೈಗುಳ. ಜಗಲಿಯಲ್ಲಿ ಕೂತಿದ್ದ ಅಪ್ಪ, 'ಕತ್ತಿ ಕೊಡ್ಲೇನೋ?' ಅಂದರು.

ತಂದ ಅಂಗಡಿಗೇ ಒಯ್ದೆ. 'ಕಾರ್ಬೊರೇಟರ್ ಕ್ಲೀನ್' ಅಂತ ಚೀಟಿ ಬರೆದು 700 ರೂಪಾಯಿ ತಗೊಂಡರು. ಕಾರ್ಬೊರೇಟರ್ ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ. ಅದರ ಮುಂದಿನ ವರ್ಷವೂ ಅದೇ ಚೀಟಿ. ಮೂರನೇ ವರ್ಷವೂ ಅದೇ. ಯಾಕೆ ಹೀಗಾಗುತ್ತದೆ ಅಂತ ಒಬ್ಬರೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಮುಂದಿನ 700 ಎಲ್ಲಿಂದ ಬರಬೇಕು, ಅಲ್ವಾ?

ಕೊನೆಗೆ ನಮ್ಮೂರಿನ ಬೈಕ್ ಮೆಕ್ಯಾನಿಕ್ ಒಬ್ಬರು ನನ್ನ ಕಣ್ಣೆದುರೇ ಕಾರ್ಬೊರೇಟರ್ ಬಿಚ್ಚಿದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಒಳಗೆ ಉಪ್ಪು ಉದುರಿಸಿದ ಹಾಗೆ ಬಿಳಿ ಪುಡಿ, ಅಂಚಿನಲ್ಲಿ ಹಳದಿ ಅಂಟು. ಮೆತ್ತಗಿರಬೇಕಾದ ತೆಳು ರಬ್ಬರ್ ಪದರ ಒಣಗಿದ ಹಪ್ಪಳದಂತೆ ಸೆಟೆದುಕೊಂಡಿತ್ತು. 'ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರ್ತದೆ ಮಾರಾಯ್ರೆ, ಅದು ನೀರು ಎಳ್ಕೊಳ್ತದೆ, ಇಟ್ರೆ ಹೀಗೇ ಆಗೋದು' ಅಂದರು. ಸರಿಯಾದ ಮಾತು. ಈಗ ಬಂಕಿನಲ್ಲಿ ಸಿಗುವುದು ಬಹುಪಾಲು ನೂರಕ್ಕೆ 20ರಷ್ಟು ಎಥನಾಲ್ ಬೆರೆಸಿದ್ದೇ. ದಿನಾ ಓಡುವ ಬೈಕಿನ ಟ್ಯಾಂಕು ಖಾಲಿಯಾಗುತ್ತಾ ತುಂಬುತ್ತಾ ಇರುತ್ತದೆ. ನಮ್ಮ ಮಷೀನು ಎಂಟು ತಿಂಗಳು ಮೂಲೆಯಲ್ಲಿ ನಿಂತಿರುತ್ತದೆ, ಅದೂ ಮಲೆನಾಡಿನ ಥಂಡಿಯಲ್ಲಿ. ನೀರು ಹೀರಿದ ಎಥನಾಲ್ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪೈಪ್ ಪೆಟ್ರೋಲ್ ಎಳೆಯುವುದೂ ತಳದಿಂದಲೇ!

ಅಂದರೆ ಮೂರು ವರ್ಷ ಮಷೀನಿಗೆ ಬೈದಿದ್ದು ಸುಮ್ನೆ. ತಪ್ಪು ಅರ್ಧ ನನ್ನದೇ. ಆ ರಬ್ಬರ್ ಪದರ ಬದಲಿಸಿದ ಮೇಲೆ ಮೂರನೇ ಎಳೆತಕ್ಕೆ ಹತ್ತಿತು.

ಅಷ್ಟರಲ್ಲಿ ಸಿಟ್ಟಿನಲ್ಲಿ ಅಂಗಳಕ್ಕೆ ಅಂತ ಒಂದು ಬ್ಯಾಟರಿ ಮಷೀನೂ ತಂದುಬಿಟ್ಟಿದ್ದೆ. ಮೊದಲ ವಾರ ಅದರ ಮೇಲೆ ಎಲ್ಲಿಲ್ಲದ ಪ್ರೀತಿ. ಬಟನ್ ಒತ್ತಿದರೆ ಶುರು, ಹೊಗೆ ಇಲ್ಲ, ಕಾಫಿಗೆ ಕರೆದರೆ ಕೇಳಿಸುತ್ತದೆ. ಹೆಂಡತಿಯೂ ಅದರಲ್ಲಿ ದಾಸವಾಳದ ಬುಡ ಸವರುತ್ತಾಳೆ. ಆದರೆ ಜುಲೈನಲ್ಲಿ ಮರ ಬಿದ್ದು ಲೈನ್ ತುಂಡಾಯಿತು. ಎರಡು ದಿನ ಕರೆಂಟಿಲ್ಲ, ಚಾರ್ಜಿಲ್ಲ. ಒದ್ದೆ ಹುಲ್ಲು ಮಷೀನಿನ ತಿರುಗುವ ತಲೆಗೆ ಸುತ್ತಿಕೊಂಡರೆ ಅದು ತಾನಾಗಿ ನಿಂತುಬಿಡುತ್ತದೆ. ಬಿಡಿಸಲು ಕೈ ಹಾಕುವ ಮೊದಲು ಬ್ಯಾಟರಿ ತೆಗೆಯಿರಿ, ಇದನ್ನು ಮಾತ್ರ ಮರೆಯಬೇಡಿ. ಮಳೆಗಾಲ ಮುಗಿದ ಮೇಲೆ ಬ್ಯಾಟರಿಯನ್ನು ಅರ್ಧ ಚಾರ್ಜ್ ಮಾಡಿ ಒಳಗೆ ಕಪಾಟಿನಲ್ಲಿ ಇಡುತ್ತೇನೆ. ಪೂರ್ತಿ ತುಂಬಿಯೂ ಇಡಬಾರದು, ಖಾಲಿಯೂ ಇಡಬಾರದು. ಹೊಸ ಬ್ಯಾಟರಿಯ ರೇಟು ಕೇಳಿದ ಮೇಲೆ ಈ ಶಿಸ್ತು ತಾನಾಗಿ ಬಂತು. ಮಷೀನಿನ ಅರ್ಧ ಬೆಲೆ ಅದಕ್ಕೇ ಇದೆ.

ತೋಟಕ್ಕೆ ಮತ್ತೆ ಪೆಟ್ರೋಲೇ. ಈಗ ಹೊರಡುವ ಮೊದಲು ಒಂದು ಪೂಜೆಯಂತೆ ನಡೆಯುತ್ತದೆ. ಸ್ಟೀಲ್ ಕ್ಯಾನಿಗೆ ಒಂದು ಲೀಟರ್ ಪೆಟ್ರೋಲ್. ಅದಕ್ಕೆ ಟೂ ಸ್ಟ್ರೋಕ್ ಆಯಿಲ್, ಅಳೆಯಲು ಅಮ್ಮನ ಕೆಮ್ಮಿನ ಸಿರಪ್ಪಿನ ಮುಚ್ಚಳ. 10 ಎಂಎಲ್ ಗೆರೆಗೆ ನಾಲ್ಕು ಸಲ, ಯಾಕೆಂದರೆ ನನ್ನ ಮಷೀನಿಗೆ ಲೀಟರಿಗೆ 40 ಎಂಎಲ್ ಅಂತ ಪುಸ್ತಕದಲ್ಲಿದೆ. ನಿಮ್ಮದರಲ್ಲಿ 20 ಇರಬಹುದು, ನೋಡಿಕೊಂಡು ಹಾಕಿ. ಕ್ಯಾನನ್ನು ಮೆಲ್ಲಗೆ ಕುಲುಕಿದಾಗ ಬರುವ ಆ ವಾಸನೆ ಹಳೇ ಬಜಾಜ್ ಸ್ಕೂಟರಿನದು, ನನಗೆ ಇಷ್ಟ.

ಕೆಲಸ ಮುಗಿದ ಮೇಲೆ ಏರ್ ಫಿಲ್ಟರ್ ಸ್ಪಂಜನ್ನು ಸೋಪು ನೀರಲ್ಲಿ ತೊಳೆದು ಬಚ್ಚಲ ಒಲೆಯಿಂದ ದೂರ ಒಣಗಿಸುತ್ತೇನೆ. ಬ್ಲೇಡಿನ ಮೇಲಿನ ಗೇರಿಗೆ ಆಗಾಗ ಗ್ರೀಸ್ ತುಂಬುತ್ತೇನೆ. ಹುಲ್ಲು ಕತ್ತರಿಸುವ ನೈಲಾನ್ ದಾರವನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕುತ್ತೇನೆ. ನಗಬೇಡಿ, ಒಣಗಿದ ದಾರ ಪಟಪಟ ಮುರಿಯುತ್ತದೆ, ನೆನೆದದ್ದು ಬಾಗುತ್ತದೆ. ದಾರದ ಬದಲು ಬ್ಲೇಡ್ ಹಾಕಿದ ದಿನ ಡ್ರಿಪ್ ಪೈಪಿನ ಕಡೆ ಹುಷಾರು, ನಾನು ಆರು ಕಡೆ ಜೋಡಿಸಿದ್ದೇನೆ.

ಸೀಸನ್ ಮುಗಿದಾಗ ಟ್ಯಾಂಕ್ ಬಗ್ಗಿಸಿ ಖಾಲಿ ಮಾಡಿ, ಸ್ಟಾರ್ಟ್ ಮಾಡಿ ತಾನಾಗಿ ಸಾಯುವವರೆಗೆ ಓಡಿಸುತ್ತೇನೆ. ಬಗ್ಗಿಸಿದ್ದು ಕ್ಯಾನಿನಲ್ಲಿ ಉಳಿದರೆ ಅದನ್ನು ಇಟ್ಟುಕೊಳ್ಳುವ ಧೈರ್ಯ ನನಗಿಲ್ಲ. ಆದ್ದರಿಂದ ಕಳೆದ ಅಕ್ಟೋಬರ್‌ನಲ್ಲಿ ಪಕ್ಕದ ಮನೆಯವರ ಹಿತ್ತಲಿನ ಹುಲ್ಲನ್ನೂ ಹೊಡೆದು ಕೊಟ್ಟೆ. ಈ ವರ್ಷ ಅವರೇ ಸೆಪ್ಟೆಂಬರ್‌ನಿಂದ ಕೇಳುತ್ತಿದ್ದಾರೆ, 'ನಿಮ್ಮ ಪೆಟ್ರೋಲ್ ಉಳೀತಾ?' ಅಂತ.