ಊರಿನ ಮನೆಯ ಲ್ಯಾಂಡ್‌ಲೈನ್ ಗುಂಡಿಗಳನ್ನು ಇವತ್ತೇ ಒಮ್ಮೆ ಒತ್ತಿ ನೋಡಿ

ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದು, ಮನೆಯಲ್ಲಿ ಇನ್ನೂ ಲ್ಯಾಂಡ್‌ಲೈನ್ ಇದ್ದರೆ ಇದನ್ನು ಓದಿ. ನಮ್ಮಲ್ಲಿ ಆದದ್ದು ನಿಮ್ಮಲ್ಲಿ ಆಗುವುದು ಬೇಡ.

ಅಮ್ಮ ಮೈಸೂರಿನಲ್ಲಿ ಒಬ್ಬಳೇ ಇರುತ್ತಾಳೆ. ಮೊಬೈಲ್ ಕೊಡಿಸಿದ್ದೇವೆ, ಅದು ಬೀರುವಿನಲ್ಲಿ ಸೀರೆಗಳ ನಡುವೆ ಸುಖವಾಗಿದೆ. ಅವಳಿಗೆ ಲ್ಯಾಂಡ್‌ಲೈನೇ ಆಗಬೇಕು. ಅದರಲ್ಲಿ ದೊಡ್ಡ ಗುಂಡಿಗಳಿವೆ. ಒಂದನೇದು ಒತ್ತಿದರೆ ಬೆಂಗಳೂರಿನಲ್ಲಿರುವ ನನಗೆ, ಎರಡನೇದು ಎದುರುಮನೆ ಮೇಷ್ಟ್ರ ಮೊಬೈಲಿಗೆ, ಮೂರನೇದು ಮುಂಬೈಯಲ್ಲಿರುವ ಅಕ್ಕನಿಗೆ. ಐದಾರು ವರ್ಷದ ಹಿಂದೆ ನಾನೇ ನಂಬರ್ ತುಂಬಿಸಿ, ಪಕ್ಕದಲ್ಲಿ ಹೆಸರು ಬರೆದು ಅಂಟಿಸಿದ್ದೆ. ಆಮೇಲೆ ಅದರ ಕಡೆ ತಿರುಗಿಯೂ ನೋಡಿರಲಿಲ್ಲ.

ಈ ಸಂಕ್ರಾಂತಿಯ ಬೆಳಗ್ಗೆ ಅಮ್ಮನೇ ಫೋನ್ ಮಾಡಿ, ಕೊರೊನಾ ಅಂತ ಎಳ್ಳು ಬೀರಲು ಯಾರೂ ಬರುತ್ತಿಲ್ಲ ಎಂದು ಗೊಣಗಿದ್ದಳು. ಆಮೇಲೆ ಮಾಡಿದ್ದೆಲ್ಲ ನಾನೇ. ಮೊಬೈಲಿನಿಂದ ಮನೆಗೆ ಕರೆ ಸರಾಗವಾಗಿ ಹೋಗುತ್ತಿತ್ತು, ಅದಕ್ಕೇ ಅನುಮಾನ ಬರಲಿಲ್ಲ. ಒಂದು ಸಲ "ನಿನ್ನ ಫೋನು ಕೆಟ್ಟಿದೆ ಕಣೋ, ಯಾವಳೋ ಮಾತಾಡ್ತಾಳೆ" ಅಂದಳು. ನೆಟ್‌ವರ್ಕ್ ಇರಲಿಲ್ಲವೇನೋ ಅಂದು ಸುಮ್ಮನಾದೆ.

ಹೋದ ವಾರ ರಾತ್ರಿ ಒಂದೂವರೆಗೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದಳು. ತೆವಳಿಕೊಂಡು ಬಂದು ಒಂದನೇ ಗುಂಡಿ ಒತ್ತಿದಳು. ಅದೇ ಹೆಂಗಸಿನ ದನಿ. ಎರಡನೇದು ಒತ್ತಿದಳು. ಮತ್ತೆ ಅದೇ ದನಿ. ಆ ದನಿ ಹೇಳುತ್ತಿದ್ದುದು ನಂಬರಿನ ಮುಂದೆ ಸೊನ್ನೆ ಹಾಕಿ ಅಂತ. ಆದರೆ 'ಚಂದಾದಾರರು ವ್ಯಾಪ್ತಿ ಪ್ರದೇಶದಲ್ಲಿಲ್ಲ' ಅನ್ನುವುದನ್ನು ಕೇಳಿ ಕೇಳಿ ರೂಢಿಯಾದವರು ಮೊದಲ ಮಾತಿಗೇ ಫೋನ್ ಇಟ್ಟುಬಿಡುತ್ತಾರೆ, ಅಲ್ವಾ? ಕೊನೆಗೆ ಮೂರನೇದು ಒತ್ತಿದಳು. ಮುಂಬೈಯಲ್ಲಿ ರಿಂಗ್ ಆಯಿತು. ಅಕ್ಕ ನನ್ನನ್ನು ಎಬ್ಬಿಸಿದಳು, ನಾನು ಮೇಷ್ಟ್ರನ್ನು ಎಬ್ಬಿಸಿದೆ. ಅವರ ಹತ್ತಿರ ಇನ್ನೊಂದು ಬೀಗದಕೈ ಇತ್ತು, ಪುಣ್ಯ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದೆ, ಅಷ್ಟಕ್ಕೇ ಮುಗಿಯಿತು. ಆದರೂ ಮುಕ್ಕಾಲು ಗಂಟೆ ತಣ್ಣನೆ ನೆಲದ ಮೇಲೆ ಕೂತಿದ್ದಳು.

ಮೂರನೇದು ಮಾತ್ರ ಯಾಕೆ ಹೋಯಿತು? ಅಕ್ಕನದು ಮುಂಬೈ ನಂಬರ್. ಹೊರಗಿನ ಮೊಬೈಲಿಗೆ ಲ್ಯಾಂಡ್‌ಲೈನಿನಿಂದ ಮಾಡಲು ಮೊದಲಿನಿಂದಲೂ ಸೊನ್ನೆ ಬೇಕಿತ್ತು, ಹಾಗಾಗಿ ಸೊನ್ನೆ ಸೇರಿಸಿಯೇ ತುಂಬಿಸಿದ್ದೆ. ನನ್ನದೂ ಮೇಷ್ಟ್ರದೂ ಕರ್ನಾಟಕದ ನಂಬರ್, ಬರೀ 10 ಅಂಕೆ. ಈಗ 2021ರ ಜನವರಿ 15ರಿಂದ, ಅಂದರೆ ಸಂಕ್ರಾಂತಿಯ ಮರುದಿನದಿಂದ, ಲ್ಯಾಂಡ್‌ಲೈನಿನಿಂದ ಯಾವ ಮೊಬೈಲಿಗೆ ಮಾಡಿದರೂ ಮೊದಲು ಸೊನ್ನೆ ಒತ್ತಲೇಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2020ರ ಮೇ ತಿಂಗಳಲ್ಲೇ ಶಿಫಾರಸು ಮಾಡಿತ್ತು, ದೂರಸಂಪರ್ಕ ಇಲಾಖೆ ನವೆಂಬರಿನಲ್ಲಿ ಆದೇಶ ಹೊರಡಿಸಿತ್ತು. ಆ ಮೇ ತಿಂಗಳಲ್ಲಿ ನಾವು 'ಮೊಬೈಲ್ ನಂಬರ್ 11 ಅಂಕೆ ಆಗುತ್ತಂತೆ' ಅನ್ನುವ ತಪ್ಪು ಸುದ್ದಿಯನ್ನು ಫಾರ್ವರ್ಡ್ ಮಾಡುವುದರಲ್ಲಿದ್ದೆವು!

ನಿಯಮ ತಪ್ಪು ಅಂತ ನಾನು ಹೇಳುವುದಿಲ್ಲ. ಮೈಸೂರಿನ ನಮ್ಮ ಲ್ಯಾಂಡ್‌ಲೈನ್ ನಂಬರ್ 7 ಅಂಕೆಯದು, ಶುರುವಾಗುವುದು 2ರಿಂದ. ನಾಳೆ ಮೊಬೈಲ್ ನಂಬರೂ 2ರಿಂದ ಶುರುವಾಯಿತು ಅನ್ನಿ. 7 ಅಂಕೆ ಸಿಕ್ಕ ಕೂಡಲೇ ಎಕ್ಸ್‌ಚೇಂಜು ಊರೊಳಗಿನ ಯಾರದೋ ಮನೆಗೆ ಜೋಡಿಸಿಬಿಡುತ್ತದೆ. ಮುಂದೆ ಸೊನ್ನೆ ಇದ್ದರೆ ಆ ಗೊಂದಲ ಇಲ್ಲ. ಹೀಗೆ 254.4 ಕೋಟಿ ಹೊಸ ನಂಬರುಗಳಿಗೆ ಜಾಗವಾಗುತ್ತದೆ ಎಂದು ಲೆಕ್ಕ ಕೊಟ್ಟಿದ್ದಾರೆ. ಆದರೆ ಹಳೇ ಗುಂಡಿಯೊಳಗೆ ಕೂತ ನಂಬರಿಗೆ ಸೊನ್ನೆ ತಾನಾಗಿ ಬಂದು ಸೇರುವುದಿಲ್ಲವಲ್ಲ. ಫೋನ್ ಕಂಪನಿಯವರನ್ನು ಕೇಳಿದರೆ "ಅನೌನ್ಸ್‌ಮೆಂಟ್ ಹಾಕಿದೀವಲ್ಲ ಸಾರ್" ಅಂದರು.

ಹಾಗಾಗಿ ಗುಂಡಿಗಳ ನಂಬರ್ ಅಳಿಸಿ, ಸೊನ್ನೆ ಸಮೇತ ಹೊಸದಾಗಿ ತುಂಬಿಸಿ. ತುಂಬಿಸಿದರೆ ಸಾಲದು, ಒತ್ತಿ, ಆ ಕಡೆ ಫೋನ್ ರಿಂಗ್ ಆಗುವ ತನಕ ಕಾಯಿರಿ. ಫೈಬರ್ ಇಂಟರ್‌ನೆಟ್ ಜೊತೆ ಬರುವ ಲ್ಯಾಂಡ್‌ಲೈನಿಗೂ ಇದೇ ನಿಯಮ. ಊರೊಳಗಿನ ಲ್ಯಾಂಡ್‌ಲೈನಿಗೆ ಮಾಡುವಾಗ ಸೊನ್ನೆ ಬೇಡ. 108, 112ಕ್ಕೂ ಬೇಡ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಅಕ್ಕ ಫೋನಿನಲ್ಲಿ "ಎಲ್ಲದಕ್ಕೂ ಸೊನ್ನೆ ಹಾಕಮ್ಮಾ" ಅಂದಿದ್ದಳಂತೆ. ಮರುದಿನ ನಾನು ಹೋಗಿ ನೋಡಿದರೆ ಗೋಡೆಯ ಚೀಟಿಯಲ್ಲಿ ಅಮ್ಮ ಎಡಗೈಯಲ್ಲಿ, ಕೆಂಪು ಪೆನ್ನಿನಲ್ಲಿ 0108 ಅಂತ ತಿದ್ದಿದ್ದಳು.

ಆಫೀಸು, ಅಂಗಡಿಗಳಲ್ಲಿ ಇದು ಇನ್ನೂ ತಲೆನೋವು. ಹೊರಗಿನ ಲೈನಿಗೆ ಒಂದು ಸೊನ್ನೆ ಒತ್ತುವ ಕಡೆ ಈಗ ಎರಡು ಸೊನ್ನೆ ಆಗುತ್ತದೆ. ಎಲ್ಲ ಲ್ಯಾಂಡ್‌ಲೈನಿಗೂ ಸೊನ್ನೆ ಒತ್ತುವ ಸೌಲಭ್ಯ, ಅಂದರೆ ಎಸ್‌ಟಿಡಿ, ಕೊಡಬೇಕು ಎಂದು ಆದೇಶದಲ್ಲೇ ಇದೆ. ಆದರೆ ಹಿಂದೆ ಹುಡುಗರು ಬಿಲ್ ಏರಿಸುತ್ತಾರೆ ಅಂತ ನೀವೇ ಎಸ್‌ಟಿಡಿ ಲಾಕ್ ಹಾಕಿಸಿದ್ದರೆ ಅದನ್ನು ನೀವೇ ತೆಗೆಸಬೇಕು. ದಾವಣಗೆರೆಯ ಮಾವನ ಅಂಗಡಿಯಲ್ಲಿ ಆದದ್ದು ಅದೇ. ನಮ್ಮ ಕಥೆ ಕೇಳಿ, ಶಟರ್ ಮುರಿದರೆ ಮೊಬೈಲಿಗೆ ಕರೆ ಮಾಡುವ ಅಲಾರಂಗೆ ಸೊನ್ನೆ ಸೇರಿಸಿದರು. ಸೊನ್ನೆ ಒತ್ತಿದ ಕೂಡಲೇ ಲೈನ್ ಬಡ್‌ಬಡ್ ಅಂದು ನಿಂತಿತು. ನಿನ್ನೆ ಲಾಕ್ ತೆಗೆಸಿದ್ದಾರೆ. ಈ ಭಾನುವಾರ ರಾತ್ರಿ ಅಂಗಡಿ ಮುಚ್ಚಿದ ಮೇಲೆ, ಪಕ್ಕದವರಿಗೆಲ್ಲ ಮೊದಲೇ ಹೇಳಿ, ಅಲಾರಂ ಹೊಡೆಸಿ ನೋಡುತ್ತಾರಂತೆ.